ಎಣಿಸುವವರು, ತೋರಿಸುವವರು: ಕೇಪ್ ಮೇ ತೀರದ ವಸಂತದ ಹಕ್ಕಿನಡಿಗೆ

ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹೆದ್ದಾರಿಯ ತಿರುವುಗಳಿಗೆ ಮೈಲಿಯ ಲೆಕ್ಕದಲ್ಲಿ ನಂಬರು ಕೊಟ್ಟಿದ್ದಾರೆ. ನಮ್ಮವರು ಹೆಚ್ಚಾಗಿರುವ ಎಡಿಸನ್ ಕಡೆಯಿಂದ ದಕ್ಷಿಣಕ್ಕೆ ಹೊರಟರೆ ಆ ನಂಬರು ಇಳಿಯುತ್ತ ಇಳಿಯುತ್ತ ಎರಡು ಗಂಟೆಯ ದಾರಿಯಲ್ಲಿ ಸೊನ್ನೆಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ನ್ಯೂಜೆರ್ಸಿ ಮುಗಿಯಿತು. ಎಡಕ್ಕೆ ಅಟ್ಲಾಂಟಿಕ್ ಸಾಗರ, ಬಲಕ್ಕೆ ಡೆಲವೇರ್ ಕೊಲ್ಲಿ, ನಡುವೆ ದನದ ನಾಲಿಗೆಯಂತೆ ಚಾಚಿದ ತಗ್ಗು ನೆಲ. ಅದೇ ಕೇಪ್ ಮೇ. ನಮ್ಮ ಸಂಘದ ಸ್ಮರಣ ಸಂಚಿಕೆಗೆ ನಾವು ನೆಲೆಸಿರುವ ರಾಜ್ಯದ ಯಾವುದಾದರೂ ಒಂದು ಸಂಸ್ಥೆಯ ಚರಿತ್ರೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೆ ಬೇರೆ ಹೆಸರು ಹೊಳೆಯಲಿಲ್ಲ. ನ್ಯೂಜೆರ್ಸಿ ಆಡುಬಾನ್ ಸೊಸೈಟಿ ಇಲ್ಲಿ ನಡೆಸುತ್ತಿರುವ ಕೇಪ್ ಮೇ ಬರ್ಡ್ ಅಬ್ಸರ್ವೇಟರಿ 1976ರಲ್ಲಿ ಶುರುಮಾಡಿದ ಗಿಡುಗಗಳ ಎಣಿಕೆಗೆ ಐವತ್ತು ವರ್ಷ ತುಂಬುತ್ತಿರುವ ಹೊತ್ತು ಇದು. ಎಣಿಕೆಯ ಕೀರ್ತಿ ಜಗತ್ತಿಗೇ ಗೊತ್ತು. ನಾನು ಬರೆಯಹೊರಟಿರುವುದು ಅದರ ಪಕ್ಕದಲ್ಲೇ ಸದ್ದಿಲ್ಲದೆ ಬೆಳೆದ ಇನ್ನೊಂದು ಕೆಲಸದ ಬಗ್ಗೆ: ಹಕ್ಕಿಯ ಹೆಸರೇ ಗೊತ್ತಿಲ್ಲದ ಹೊಸಬರನ್ನು ವಸಂತದ ಬೆಳಗುಗಳಲ್ಲಿ ಕೈಹಿಡಿದು ನಡೆಸುವ ಕೆಲಸ.

ಮೇ ತಿಂಗಳ ಒಂದು ಬೆಳಿಗ್ಗೆ, ಏಳೂವರೆ. ಹದಿನೈದಿಪ್ಪತ್ತು ಜನ ಕೈ ಉಜ್ಜಿಕೊಳ್ಳುತ್ತ ನಿಂತಿದ್ದಾರೆ. ಬಿಸಿಲು ಬಂದಿದ್ದರೂ ಸಮುದ್ರದ ಗಾಳಿ ಸ್ವೆಟರ್ ಬಿಡಿಸಲು ಒಪ್ಪದು. ನಡಿಗೆಯ ಮುಂದಾಳು ಎಪ್ಪತ್ತರ ಆಸುಪಾಸಿನ ಹೆಂಗಸು, ಸ್ವಯಂಸೇವಕಿ. ಕಾರಿನ ಡಿಕ್ಕಿಯಿಂದ ಒಂದು ಪೆಟ್ಟಿಗೆ ಇಳಿಸಿ, ಬರಿಗೈಲಿ ಬಂದವರ ಕೊರಳಿಗೆ ಒಂದೊಂದು ಎರವಲು ದುರ್ಬೀನು ಹಾಕುತ್ತಾರೆ. ಕನ್ನಡಕ ಹಾಕಿದವರಿಗೆ ರಬ್ಬರಿನ ಬಳೆಯನ್ನು ಒಳಕ್ಕೆ ತಿರುಗಿಸಿಕೊಡುತ್ತಾರೆ. ಇಲ್ಲದಿದ್ದರೆ ಕಾಣುವುದು ಕಪ್ಪು ಉಂಗುರ ಮಾತ್ರ. ಎರಡು ಕೊಳವೆಗಳ ನಡುವಿನ ಅಂತರವನ್ನು ಕಣ್ಣಿನ ಅಂತರಕ್ಕೆ ಹೊಂದಿಸುವುದು, ಮೊದಲು ಎಡಗಣ್ಣಿಗೆ ಸ್ಪಷ್ಟ ಮಾಡಿಕೊಂಡು ಆಮೇಲೆ ಬಲಗಣ್ಣಿನ ಬಳೆ ತಿರುಗಿಸುವುದು, ಇಷ್ಟಕ್ಕೇ ಹತ್ತು ನಿಮಿಷ ಹಿಡಿಯುತ್ತದೆ. ಅವರಿಗೆ ಅವಸರವಿಲ್ಲ. ಆಮೇಲೆ ಮುಖ್ಯ ಪಾಠ: ಹಕ್ಕಿಯನ್ನು ಮೊದಲು ಬರಿಗಣ್ಣಿನಲ್ಲಿ ಹಿಡಿಯಿರಿ. ನೋಟವನ್ನು ಅಲ್ಲೇ ನೆಟ್ಟುಕೊಂಡು ದುರ್ಬೀನನ್ನು ಕಣ್ಣಿಗೆ ತನ್ನಿ. ದುರ್ಬೀನು ಕಣ್ಣಿಗಿಟ್ಟುಕೊಂಡು ಹಕ್ಕಿ ಹುಡುಕಹೋದರೆ ಎಲೆ ಸಿಕ್ಕೀತು, ಹಕ್ಕಿ ಸಿಗದು.

ನನ್ನ ಮೊದಲ ನಡಿಗೆಯಲ್ಲಿ ಈ ಒಂದು ಮಾತನ್ನು ಕಲಿಯಲು ನನಗೆ ಅರ್ಧ ಬೆಳಿಗ್ಗೆ ಬೇಕಾಯಿತು. ಎದುರಿನ ಜೊಂಡಿನ ತುದಿಯಲ್ಲಿ ರೆಡ್-ವಿಂಗ್ಡ್ ಬ್ಲಾಕ್‌ಬರ್ಡ್ ಕುಳಿತು ಭುಜದ ಕೆಂಪು ಪಟ್ಟಿ ಅರಳಿಸಿ ಕೂಗುತ್ತಿತ್ತು. ಇಲ್ಲಿನ ಜೌಗಿನಲ್ಲಿ ಅದಕ್ಕಿಂತ ಸಾಮಾನ್ಯ ಹಕ್ಕಿ ಇಲ್ಲ. ಮುಂದಾಳು ಬೇರೆ ಯಾವುದನ್ನೂ ತೋರಿಸದೆ, ನಾವೆಲ್ಲರೂ ಅದನ್ನು ದುರ್ಬೀನಿನ ನಡುಮಧ್ಯಕ್ಕೆ ತರುವ ತನಕ ಕಾದರು. ಕೆಂಪಿನ ಕೆಳಗೆ ಹಳದಿಯ ಒಂದು ಅಂಚು ಇದೆ, ಕಂಡಿತೇ ಎಂದು ಒಬ್ಬೊಬ್ಬರನ್ನೂ ಕೇಳಿದರು. ಕಂಡಿತು. ಆವತ್ತಿನ ತನಕ ಹೆದ್ದಾರಿಯ ಬದಿಯಲ್ಲಿ ನೂರಾರು ಸಲ ನೋಡಿದ್ದ ಹಕ್ಕಿ ಅದು.

ಈ ತೀರದ ಹಕ್ಕಿ ಚರಿತ್ರೆ ಶುರುವಾಗುವುದು ಬಂದೂಕಿನಿಂದ. ಆಗ ಬೇರೆ ದಾರಿಯೂ ಇರಲಿಲ್ಲ. ಸ್ಕಾಟ್ಲೆಂಡಿನಿಂದ ಬಂದ ನೇಕಾರ ಅಲೆಕ್ಸಾಂಡರ್ ವಿಲ್ಸನ್ ಅಮೆರಿಕದ ಹಕ್ಕಿಗಳ ಮೊದಲ ದೊಡ್ಡ ಗ್ರಂಥ ಬರೆಯುತ್ತಿದ್ದ ಕಾಲ. 1811ರ ಮೇ ತಿಂಗಳಲ್ಲಿ ಅವರ ಗೆಳೆಯ ಜಾರ್ಜ್ ಆರ್ಡ್ ಕೇಪ್ ಮೇ ಜಿಲ್ಲೆಯ ಮೇಪಲ್ ಮರಗಳ ಜೌಗಿನಲ್ಲಿ ಒಂದು ಪುಟ್ಟ ಉಲಿಯಕ್ಕಿಯನ್ನು ಹೊಡೆದರು. ವಿಲ್ಸನ್ ಅದಕ್ಕೆ ಕೇಪ್ ಮೇ ವಾರ್ಬ್ಲರ್ ಎಂದೇ ಹೆಸರಿಟ್ಟರು. ಆ ಹಕ್ಕಿ ಇಲ್ಲಿಯದಲ್ಲ. ಕೆನಡಾದ ಸ್ಪ್ರೂಸ್ ಕಾಡಿನಲ್ಲಿ ಮರಿಮಾಡಿ, ಕೆರಿಬಿಯನ್ ದ್ವೀಪಗಳಲ್ಲಿ ಚಳಿಗಾಲ ಕಳೆಯುವಂಥದ್ದು. ಹಾದಿಯಲ್ಲಿ ಒಂದು ಬೆಳಿಗ್ಗೆ ಇಲ್ಲಿ ಇಳಿದಿತ್ತು. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಕೇಪ್ ಮೇಯಲ್ಲಿ ಅದನ್ನು ಕಂಡ ದಾಖಲೆ ಇಲ್ಲ. ಹಾಗಿದ್ದೂ ಹೆಸರು ಉಳಿಯಿತು. ಈಗ ಪ್ರತಿ ವಸಂತದ ನಡಿಗೆಯಲ್ಲೂ ಯಾರಾದರೊಬ್ಬರು ಅದನ್ನು ಕೇಳಿಯೇ ಕೇಳುತ್ತಾರೆ, ಕೆಲವೊಮ್ಮೆ ಅದು ಕಾಣುವುದೂ ಉಂಟು.

ಬಂದೂಕಿಲ್ಲದೆಯೂ ಹಕ್ಕಿಯನ್ನು ಗುರುತಿಸಬಹುದು ಎಂಬ ಮಾತು ನೆಲೆಯೂರಲು ಮುಂದೆ ಮುಕ್ಕಾಲು ಶತಮಾನ ಬೇಕಾಯಿತು. 1886 ಎಂಬ ಒಂದೇ ವರ್ಷದಲ್ಲಿ ಎರಡು ಸಂಗತಿ ನಡೆದವು. ನ್ಯೂಯಾರ್ಕಿನಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ತರುಣ ಎರಡು ಮಧ್ಯಾಹ್ನ ಬೀದಿಯಲ್ಲಿ ನಡೆದು ಹೆಂಗಸರ ಟೋಪಿಗಳನ್ನು ಎಣಿಸಿದರು. 700 ಟೋಪಿಗಳಲ್ಲಿ 542ಕ್ಕೆ ಹಕ್ಕಿಯ ಗರಿಯ ಸಿಂಗಾರವಿತ್ತು. ಅವುಗಳಲ್ಲಿ 40 ಜಾತಿಯ ಹಕ್ಕಿಗಳನ್ನು ಅವರು ಗುರುತಿಸಿದರು. ಮ್ಯಾಸಚೂಸೆಟ್ಸ್‌ನ ಸ್ಮಿತ್ ಕಾಲೇಜಿನಲ್ಲಿ ಫ್ಲಾರೆನ್ಸ್ ಮೆರಿಯಮ್ ಎಂಬ ವಿದ್ಯಾರ್ಥಿನಿ ಹಿರಿಯ ಲೇಖಕ ಜಾನ್ ಬರೋಸ್ ಅವರನ್ನು ಕರೆಸಿ ಸಹಪಾಠಿಗಳ ಜೊತೆ ಬೆಳಗಿನ ಹಕ್ಕಿನಡಿಗೆ ಏರ್ಪಡಿಸಿದಳು. ನಾಟಕ ನೋಡಲು ಒಯ್ಯುವ ಪುಟ್ಟ ದುರ್ಬೀನೇ ಸಾಕು ಎಂದು ಹೊಸಬರಿಗಾಗಿ ಅವಳು ಬರೆದ ಪುಸ್ತಕ 1889ರಲ್ಲಿ ಬಂತು. ಒಬ್ಬರು ಎಣಿಸಿದರು, ಒಬ್ಬಳು ತೋರಿಸಿದಳು. ಕೇಪ್ ಮೇಯ ಕಥೆಯನ್ನು ಬಿಡಿಸಿ ನೋಡಿದಷ್ಟೂ ನನಗೆ ಈ ಎರಡು ಎಳೆಗಳೇ ಹೆಣೆದುಕೊಂಡು ಕಾಣುತ್ತವೆ.

ನ್ಯೂಜೆರ್ಸಿ ಆಡುಬಾನ್ ಸೊಸೈಟಿ ಹುಟ್ಟಿದ್ದು 1897ರಲ್ಲಿ. ಆದರೆ ಕೇಪ್ ಮೇಯನ್ನು ಹಕ್ಕಿಗಳ ಊರೆಂದು ಪುಸ್ತಕದಲ್ಲಿ ನಿಲ್ಲಿಸಿದವರು ಫಿಲಡೆಲ್ಫಿಯಾದ ವಿಟ್ಮರ್ ಸ್ಟೋನ್. ಅಲ್ಲಿನ ನಿಸರ್ಗ ವಿಜ್ಞಾನ ಅಕಾಡೆಮಿಯಲ್ಲಿ ಕೆಲಸ, ಬೇಸಿಗೆಯಲ್ಲಿ ಕೇಪ್ ಮೇಯಲ್ಲಿ ವಾಸ. ವರ್ಷಾನುಗಟ್ಟಲೆ ಬರೆದಿಟ್ಟ ಟಿಪ್ಪಣಿಗಳು ‘ಬರ್ಡ್ ಸ್ಟಡೀಸ್ ಅಟ್ ಓಲ್ಡ್ ಕೇಪ್ ಮೇ’ ಎಂಬ ಎರಡು ಸಂಪುಟಗಳಾಗಿ 1937ರಲ್ಲಿ ಹೊರಬಂದವು. ಎರಡೇ ವರ್ಷಕ್ಕೆ ಅವರು ತೀರಿಕೊಂಡರು. ಯಾವ ಜೌಗಿನಲ್ಲಿ ಯಾವ ವಾರ ಏನು ಕಂಡೀತು ಎಂದು ಇವತ್ತಿಗೂ ಇಲ್ಲಿಯವರು ಆ ಸಂಪುಟಗಳನ್ನು ತೆರೆದು ನೋಡುತ್ತಾರೆ.

ಸ್ಟೋನ್ ನೋಡಿದ ಕೇಪ್ ಮೇಯಲ್ಲಿ ಒಂದು ಘೋರವೂ ಇತ್ತು. ಶರತ್ಕಾಲದಲ್ಲಿ ವಾಯವ್ಯದ ಗಾಳಿ ಬೀಸಿದಾಗ ದಕ್ಷಿಣಕ್ಕೆ ಹೊರಟ ಗಿಡುಗಗಳು ಕರಾವಳಿಗೆ ಒತ್ತಿಕೊಂಡು ಬಂದು ಈ ತುದಿಯಲ್ಲಿ ರಾಶಿಗೂಡುತ್ತವೆ. ಎದುರಿಗೆ ಕೊಲ್ಲಿಯ ಬಾಯಿ. ಈಗಿನ ಫೆರ್ರಿಗೆ ದಾಟಲು ಸುಮಾರು 85 ನಿಮಿಷ ಬೇಕು. ಹಕ್ಕಿಗಳು ಹಿಂಜರಿದು ತಗ್ಗಿನಲ್ಲಿ ಸುತ್ತುವಾಗ, ಕಡಲಿಗೆ ಹೋಗುವ ರಸ್ತೆಯುದ್ದಕ್ಕೂ ಬೇಟೆಗಾರರು ಸಾಲುಗಟ್ಟಿ ನಿಂತು ಹೊಡೆಯುತ್ತಿದ್ದರು. ಹೆಚ್ಚಾಗಿ ಸಾಯುತ್ತಿದ್ದುದು ಶಾರ್ಪ್-ಶಿನ್ಡ್ ಹಾಕ್, ನಮ್ಮ ಬಿಜ್ಜುವಿನ ಬಳಗದ ಪುಟ್ಟ ಗಿಡುಗ. ಕಾನೂನು ಅಡ್ಡ ಬರುವಂತಿರಲಿಲ್ಲ. 1918ರ ವಲಸೆ ಹಕ್ಕಿಗಳ ಕಾಯ್ದೆಯಲ್ಲಿ ಗಿಡುಗಗಳನ್ನು ಸೇರಿಸಿರಲಿಲ್ಲ, ಅವಕ್ಕೆ ಅದರ ಆಸರೆ ಸಿಕ್ಕಿದ್ದು 1972ರಲ್ಲಿ. 1935ರ ಶರತ್ಕಾಲದಲ್ಲಿ ರಾಷ್ಟ್ರಮಟ್ಟದ ಆಡುಬಾನ್ ಸಂಸ್ಥೆಯ ಇಬ್ಬರು ತರುಣರು, ರಾಬರ್ಟ್ ಪೋರ್ಟರ್ ಆಲನ್ ಮತ್ತು ರೋಜರ್ ಟೋರಿ ಪೀಟರ್ಸನ್, ಇಲ್ಲಿ ನಿಂತು ಹಾರಿದ ಹಕ್ಕಿಗಳನ್ನೂ ಬಿದ್ದ ಹಕ್ಕಿಗಳನ್ನೂ ಎಣಿಸಿದರು. ಮರುವರ್ಷ ಅದು ‘ದಿ ಆಕ್’ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಕೇಪ್ ಮೇಯ ಮೊದಲ ಶಿಸ್ತಿನ ಗಿಡುಗ ಎಣಿಕೆಗಳಲ್ಲಿ ಒಂದು ಹಾಗೆ ಗುಂಡಿನ ಸದ್ದಿನ ನಡುವೆಯೇ ನಡೆದದ್ದು. ಈಗ ನಾವು ಥರ್ಮಾಸ್‌ನಿಂದ ಕಾಫಿ ಬಗ್ಗಿಸಿಕೊಳ್ಳುವ ಜಾಗವೂ ಆ ಹಳೆಯ ಬೇಟೆಯ ಸಾಲಿನಿಂದ ಬಹಳ ದೂರವಿಲ್ಲ.

ಈ ಪೀಟರ್ಸನ್ ಅವರೇ 1934ರಲ್ಲಿ ಹಕ್ಕಿ ಗುರುತಿಸುವ ಕೈಪಿಡಿ ತಂದವರು. ಚಿತ್ರದ ಪಕ್ಕದಲ್ಲಿ ಸಣ್ಣ ಗೆರೆ ಎಳೆದು, ನೋಡಬೇಕಾದ ಗುರುತು ಇದೊಂದೇ ಎಂದು ತೋರಿಸುವ ಕ್ರಮ ಅವರದು. ಮೊದಲ ಮುದ್ರಣದ 2,000 ಪ್ರತಿ ವಾರದೊಳಗೆ ಖರ್ಚಾಯಿತು. ಹೊಸಬರ ನಡಿಗೆಯಲ್ಲಿ ಇವತ್ತು ಮುಂದಾಳುಗಳು ಹೇಳುವ ‘ಹಳದಿ ಅಂಚು ನೋಡಿ’, ‘ಬಾಲದ ಬಿಳಿ ನೋಡಿ’ ಎಂಬ ಮಾತೆಲ್ಲ ಆ ಗೆರೆಯದೇ ಬಾಯಿಮಾತು.

ಸರಿ, 1976. ಅಬ್ಸರ್ವೇಟರಿ ಆಗಿನ್ನೂ ಎಳೆಗೂಸು. ದೀಪಸ್ತಂಭದ ಹತ್ತಿರ ನಿಂತು ಇಡೀ ಶರತ್ಕಾಲ ಗಿಡುಗ ಎಣಿಸಲು ಪೀಟ್ ಡನ್ ಎಂಬ ತರುಣನನ್ನು ನೇಮಿಸಿದರು. ಡಿಡಿಟಿಯ ಹಾವಳಿಯಿಂದ ಗಿಡುಗಗಳ ಸಂಖ್ಯೆ ನೆಲಕಚ್ಚಿದ್ದ ಕಾಲ. ನ್ಯೂಜೆರ್ಸಿಯಲ್ಲಿ ಮೀನುಡೇಗೆಯ ಗೂಡುಗಳು ಸುಮಾರು 50ಕ್ಕೆ ಇಳಿದಿದ್ದವು, ಪೆರಿಗ್ರಿನ್ ಫಾಲ್ಕನ್ ಅಮೆರಿಕದ ಪೂರ್ವ ಭಾಗದಲ್ಲಿ ಮರಿಮಾಡುವುದನ್ನೇ ನಿಲ್ಲಿಸಿತ್ತು. ಎಣಿಸುವವನು ಒಬ್ಬನೇ ನಿಂತರೆ ನೋಡಲು ಬರುವವರು ಹತ್ತು ಜನ. ಅದು ಯಾವುದು, ಹೇಗೆ ಗೊತ್ತಾಯಿತು, ನನಗೇಕೆ ಕಾಣಲಿಲ್ಲ ಎಂದು ಕೇಳುತ್ತಾರೆ. ಲೆಕ್ಕದ ಪುಸ್ತಕ ಹಿಡಿದವನು ಉತ್ತರ ಹೇಳಬೇಕಾಗುತ್ತದೆ. ಮುಂದೆ ಅಲ್ಲಿ ಎಣಿಕೆಗೆಂದು ಕಟ್ಟಿದ ಕಟ್ಟೆಯ ಮೇಲೆ ಎಣಿಸುವವರ ಜೊತೆಗೆ ತೋರಿಸುವುದಕ್ಕೆಂದೇ ಬೇರೆ ಪ್ರಕೃತಿ ಮಾರ್ಗದರ್ಶಕರನ್ನು ಇರಿಸುವುದು ಪದ್ಧತಿಯಾಯಿತು. ಇದು ಬಹಳ ಒಳ್ಳೆಯ ತೀರ್ಮಾನ ಎಂಬುದು ನನ್ನ ಅಭಿಪ್ರಾಯ. ಲೆಕ್ಕ ಕೆಡಲಿಲ್ಲ, ಬಂದವರೂ ಬರಿಗೈಲಿ ಹೋಗಲಿಲ್ಲ. ಡನ್ ಮುಂದೆ ಅಬ್ಸರ್ವೇಟರಿಯ ನಿರ್ದೇಶಕರಾದರು, ಹಕ್ಕಿ ನೋಡುವುದನ್ನು ಕಲಿಸುವ ಪುಸ್ತಕಗಳನ್ನು ಬರೆದರು. ಅವರು 1984ರಲ್ಲಿ ಶುರುಮಾಡಿದ ವರ್ಲ್ಡ್ ಸೀರೀಸ್ ಆಫ್ ಬರ್ಡಿಂಗ್ ಎಂಬ ಸ್ಪರ್ಧೆ ಮೇ ತಿಂಗಳಲ್ಲೇ ನಡೆಯುತ್ತದೆ. ಮಧ್ಯರಾತ್ರಿಯಿಂದ ಮಧ್ಯರಾತ್ರಿಯ ತನಕ ಒಂದೊಂದು ತಂಡವೂ ನ್ಯೂಜೆರ್ಸಿಯಲ್ಲಿ ಎಷ್ಟು ಜಾತಿಯ ಹಕ್ಕಿ ಕಂಡೀತು ಎಂಬುದು ಪಂದ್ಯ, ಕೂಡಿದ ಹಣ ಸಂರಕ್ಷಣೆಗೆ. ಮೊದಲ ವರ್ಷ 201 ಜಾತಿ ಕಂಡು ಗೆದ್ದ ಡನ್ ಅವರ ತಂಡದಲ್ಲಿ ಎಪ್ಪತ್ತೈದು ದಾಟಿದ ಪೀಟರ್ಸನ್ ಇದ್ದರು, ಆಗ ಕೇಪ್ ಮೇಯಲ್ಲಿದ್ದ ಡೇವಿಡ್ ಸಿಬ್ಲಿ ಎಂಬ ಹುಡುಗನೂ ಇದ್ದ. ಸಿಬ್ಲಿ ಬರೆದು ಚಿತ್ರಿಸಿದ ಕೈಪಿಡಿ 2000ದಲ್ಲಿ ಬಂತು. ಈಗ ಹೊಸಬರ ಚೀಲದಲ್ಲಿ ಹೆಚ್ಚಾಗಿ ಕಾಣುವುದು ಅದೇ.

ಸಂಖ್ಯೆಯಲ್ಲಿ ನೋಡಿದರೆ ಕೇಪ್ ಮೇಯ ದೊಡ್ಡ ಹಬ್ಬ ಶರತ್ಕಾಲದ್ದು. ಕಲಿಯಬೇಕೆನ್ನುವವರಿಗೆ ಮಾತ್ರ ವಸಂತವೇ ಸರಿ. ಶರತ್ಕಾಲದ ಉಲಿಯಕ್ಕಿಗಳಲ್ಲಿ ಹೆಚ್ಚಿನವು ಆ ವರ್ಷದ ಮರಿಗಳು. ಮಾಸಲು ಹಸಿರು, ಮಾಸಲು ಹಳದಿ, ಒಂದಕ್ಕೊಂದು ಬೇರೆ ಮಾಡಲು ಪಳಗಿದವರೂ ತಡವರಿಸುತ್ತಾರೆ. ವಸಂತದಲ್ಲಿ ಗಂಡುಗಳು ಮದುವೆಯ ಬಟ್ಟೆಯಲ್ಲಿ ಬರುತ್ತವೆ, ಬಾಯಿಬಿಟ್ಟು ಹಾಡುತ್ತವೆ. ಏಪ್ರಿಲ್ ಕೊನೆಯಲ್ಲಿ ಎಲೆಯೂ ಪೂರ್ತಿ ಬಿಟ್ಟಿರುವುದಿಲ್ಲ. ರಾತ್ರಿಯೆಲ್ಲ ನೈಋತ್ಯದ ಬೆಚ್ಚನೆ ಗಾಳಿ ಬೀಸಿ ಬೆಳಗಿನ ಜಾವ ಮಳೆ ಹನಿದರೆ, ರಾತ್ರಿ ಹಾರುತ್ತಿದ್ದ ಹಕ್ಕಿಗಳು ಸಿಕ್ಕಿದ ಪೊದೆಗೆ ಇಳಿಯುತ್ತವೆ. ಅಂಥ ಬೆಳಿಗ್ಗೆ ಹಿಗ್ಬೀ ಬೀಚಿನ ಹೊಲದಂಚಿನಲ್ಲಿ ನಿಂತವರು ಮಾತಾಡುವುದನ್ನೇ ಬಿಡುತ್ತಾರೆ. ಎಲ್ಲ ಬೆಳಗೂ ಹಾಗಿರುವುದಿಲ್ಲ. ಉತ್ತರದ ಗಾಳಿ ಇದ್ದರೆ ಎರಡು ಗಂಟೆ ನಡೆದರೂ ರಾಬಿನ್, ಕಾರ್ಡಿನಲ್, ಬ್ಲಾಕ್‌ಬರ್ಡ್ ಅಷ್ಟೇ. ಒಳ್ಳೆಯ ಮುಂದಾಳು ಯಾರೆಂದು ಗೊತ್ತಾಗುವುದು ಅಂಥ ದಿನವೇ.

ದಿಕ್ಕು ಹೇಳಲು ಗಡಿಯಾರದ ಮುಳ್ಳು. ಎದುರಿನ ಮರವನ್ನು ಗಡಿಯಾರವೆಂದುಕೊಂಡು ‘ಎರಡು ಗಂಟೆಯ ಜಾಗದಲ್ಲಿ, ಒಳಗಿನ ಕೊಂಬೆ’ ಎಂದರೆ ಇಪ್ಪತ್ತು ದುರ್ಬೀನುಗಳೂ ಅಲ್ಲಿಗೇ ತಿರುಗುತ್ತವೆ. ಗಾತ್ರ ಹೇಳಲು ಎಲ್ಲರಿಗೂ ಗೊತ್ತಿರುವ ಹಕ್ಕಿ: ಗುಬ್ಬಿಗಿಂತ ಚಿಕ್ಕದು, ಕಾಗೆಗಿಂತ ದೊಡ್ಡದು. ಸ್ಕೋಪ್ ಎಂಬ ಮುಕ್ಕಾಲಿಯ ದೂರದರ್ಶಕದ ಎದುರು ಸಾಲು ನಿಂತಾಗ ಮುಂದಿನವರು ಒಂದೇ ನೋಟ ನೋಡಿ ಸರಿಯಬೇಕು. ಎಲ್ಲರ ಸರದಿ ಮುಗಿದ ಮೇಲೆ ಬೇಕಾದಷ್ಟು ಹೊತ್ತು. ಕೊನೆಯಲ್ಲಿ ಎಲ್ಲರೂ ವೃತ್ತವಾಗಿ ನಿಂತು ಅಂದಿನ ಪಟ್ಟಿ ಓದುತ್ತಾರೆ. ಮುಂದಾಳು ಹೆಸರು ಹೇಳಿದಂತೆ ಕಂಡವರು ಹೂಂಗುಡಬೇಕು. ಇಲ್ಲಿ ಒಂದು ಕಟ್ಟುನಿಟ್ಟು ಇದೆ. ಗಟ್ಟಿಯಾಗಿ ಕಂಡದ್ದಕ್ಕೆ ಮಾತ್ರ ಹೂಂ. ಇರಬಹುದು, ಇದ್ದ ಹಾಗಿತ್ತು ಎಂಬುದು ಪಟ್ಟಿಗೆ ಸೇರದು. ಎಂಟು ವರ್ಷದ ಹುಡುಗಿಯೊಬ್ಬಳು ಹೂಂ ಎಂದು ಆಮೇಲೆ ತಲೆ ತಗ್ಗಿಸಿ ‘ನಾನು ಬಾಲ ಮಾತ್ರ ನೋಡಿದೆ’ ಎಂದಾಗ ಮುಂದಾಳು ಬೆನ್ನು ತಟ್ಟಿದ್ದನ್ನು ನಾನೇ ಕಂಡಿದ್ದೇನೆ. ಐವತ್ತು ವರ್ಷದ ಎಣಿಕೆಗೆ ಬೆಲೆ ಬಂದಿರುವುದು ಈ ಕಟ್ಟುನಿಟ್ಟಿನಿಂದ. ಅದನ್ನು ಕಲಿಸುವುದು ಹೊಸಬರ ನಡಿಗೆಯಲ್ಲಿ, ಮೊದಲ ದಿನವೇ.

ನಡಿಗೆಗಳು ನಡೆಯುವ ನೆಲಕ್ಕೂ ಅದರದೇ ಚರಿತ್ರೆ ಇದೆ. ದೀಪಸ್ತಂಭ ಕಟ್ಟಿದ್ದು 1859ರಲ್ಲಿ, 199 ಮೆಟ್ಟಿಲು. ಅದರ ಎದುರು ಮರಳಿನಲ್ಲಿ ನಿಂತಿರುವ ಕಾಂಕ್ರೀಟಿನ ಕಪ್ಪು ಬಂಕರ್ 1942ರ ಯುದ್ಧಕಾಲದ್ದು. ಕಟ್ಟಿದಾಗ ದಂಡೆಯಿಂದ 900 ಅಡಿ ಒಳಗೆ ಇತ್ತಂತೆ; ಕಡಲು ಕೊರೆಯುತ್ತ ಬಂದು ಒಂದು ಕಾಲಕ್ಕೆ ಅಲೆಗಳು ಅದರ ಬುಡಕ್ಕೇ ಬಡಿಯುತ್ತಿದ್ದವು. ಅದರ ಪಕ್ಕದಲ್ಲೇ ‘ಮೆಡೋಸ್’ ಎಂದು ಕರೆಯುವ ಜೌಗು. ಅದರ ಅಂಚಿನಲ್ಲಿ ಹಿಂದೆ ಸೌತ್ ಕೇಪ್ ಮೇ ಎಂಬ ಊರೇ ಇತ್ತು. ಬಿರುಗಾಳಿಗಳಿಗೆ ಸಿಕ್ಕಿ ಮನೆಗಳು ಕಡಲಪಾಲಾದವು, ಕೆಲವನ್ನು ಬೇರೆಡೆಗೆ ಎಳೆದೊಯ್ದರು, 1945ರಲ್ಲಿ ಊರನ್ನೇ ಲೆಕ್ಕದಿಂದ ತೆಗೆದುಹಾಕಿದರು. ಆಮೇಲೆ ಅಲ್ಲಿ ದನ ಮೇಯುತ್ತಿದ್ದವು. 1981ರಲ್ಲಿ ನೇಚರ್ ಕನ್ಸರ್ವೆನ್ಸಿ ಸಂಸ್ಥೆ ಆ ನೆಲ ಕೊಂಡು ಹಕ್ಕಿಗಳಿಗೆ ಬಿಟ್ಟಿತು. ಈಗ ಅದರ ಮರಳಿನಲ್ಲಿ, ಹಗ್ಗ ಕಟ್ಟಿದ ಅಂಚಿನಾಚೆ, ಪೈಪಿಂಗ್ ಪ್ಲವರ್ ಮೊಟ್ಟೆಯಿಡುವುದುಂಟು. ಒಣ ಮರಳಿನ ಬಣ್ಣವೇ ಅದರ ಬೆನ್ನಿನ ಬಣ್ಣ. ಓಡಿದರೆ ಕಂಡಿತು, ನಿಂತರೆ ಮಾಯ.

ವಸಂತದ ನಡಿಗೆಗಳಲ್ಲಿ ನನ್ನ ಮನಸ್ಸಿಗೆ ತೀರ ಹತ್ತಿರವಾದದ್ದು ಕೊಲ್ಲಿಯ ಬದಿಯ ರೀಡ್ಸ್ ಬೀಚಿನದು. ನನ್ನ ಆಯಿ ಹೊನ್ನಾವರದವಳು. ಒಂದು ವರ್ಷ ಏಪ್ರಿಲಿನಲ್ಲಿ ನಮ್ಮಲ್ಲಿಗೆ ಬಂದವಳು ಮನೆಯೊಳಗೇ ಕುಳಿತು ಬೇಸತ್ತಿದ್ದಳು. ಮೇ ಮೂರನೆಯ ವಾರ ಅವಳನ್ನು ಕರೆದುಕೊಂಡು ಹೋದೆ. ಸೀರೆಯ ಮೇಲೆ ನನ್ನ ಜಾಕೆಟ್, ಕಾಲಿಗೆ ಸೊಸೆಯ ಶೂ. ಕೊಲ್ಲಿಯ ಗಾಳಿ ಮೂಗಿಗೆ ಬಡಿದ ಕೂಡಲೇ ಅವಳ ಮುಖ ಅರಳಿತು. ಉಸುಕು, ಕೊಳೆತ ಪಾಚಿ, ಇಳಿತದ ಕೆಸರು: ನಮ್ಮ ಶರಾವತಿಯ ಅಳಿವೆಯ ವಾಸನೆಯೇ.

ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ಡೆಲವೇರ್ ಕೊಲ್ಲಿಯ ದಂಡೆಗೆ ಲಾಳದ ಏಡಿಗಳು ಏರಿಬರುತ್ತವೆ. ಕುದುರೆಲಾಳದ ಆಕಾರ, ಉದ್ದ ಬಾಲ. ಹೆಸರು ಏಡಿಯಾದರೂ ಜೇಡ, ಚೇಳುಗಳಿಗೇ ಹತ್ತಿರದ ನೆಂಟ. ಜಗತ್ತಿನಲ್ಲೇ ಅತಿ ಹೆಚ್ಚು ಲಾಳದ ಏಡಿಗಳು ಮೊಟ್ಟೆಯಿಡುವುದು ಈ ಕೊಲ್ಲಿಯಲ್ಲಿ. ಹೆಣ್ಣು ಉಸುಕಿನಲ್ಲಿ ಗುಂಡಿ ತೋಡಿ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಹಸಿರು ಮೊಟ್ಟೆಗಳನ್ನು ಸಾವಿರಗಟ್ಟಲೆ ಇಡುತ್ತದೆ. ಆಳದಲ್ಲಿರುವ ಮೊಟ್ಟೆ ಹಕ್ಕಿಗೆ ಎಟುಕದು. ಆಮೇಲೆ ಬಂದ ಏಡಿ ಮೊದಲು ಬಂದದ್ದರ ಗುಂಡಿಯನ್ನು ಕೆದರಿದಾಗ ಮೊಟ್ಟೆಗಳು ಮೇಲಕ್ಕೆ ಬರುತ್ತವೆ. ಹಾಗಾಗಿ ಏಡಿಗಳು ಇದ್ದರಷ್ಟೇ ಸಾಲದು, ಒಂದರ ಮೇಲೊಂದು ಬೀಳುವಷ್ಟು ಇರಬೇಕು. ಅದೇ ಹೊತ್ತಿಗೆ ರೆಡ್ ನಾಟ್ ಎಂಬ ತೀರದ ಹಕ್ಕಿ ಬಂದಿಳಿಯುತ್ತದೆ. ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊದಿಂದ ಕೆನಡಾದ ಆರ್ಕ್ಟಿಕ್‌ಗೆ ಹೋಗುವ ಸುಮಾರು 15,000 ಕಿ.ಮೀ. ದಾರಿಯಲ್ಲಿ ಅದರ ಕೊನೆಯ ದೊಡ್ಡ ತಂಗುದಾಣ ಇದು. ಮೂಳೆ ಚಕ್ಕಳವಾಗಿ ಬಂದ ಹಕ್ಕಿ ಎರಡು ವಾರ ಮೊಟ್ಟೆ ತಿಂದು ತೂಕವನ್ನು ಸುಮಾರು ಇಮ್ಮಡಿ ಮಾಡಿಕೊಂಡು ಹಾರುತ್ತದೆ. 180 ಗ್ರಾಮ್ ಮುಟ್ಟದಿದ್ದರೆ ಮುಂದಿನ ದಾರಿ ಕಷ್ಟ.

1980ರ ದಶಕದ ಆರಂಭದಲ್ಲಿ ಇಲ್ಲಿ 90,000ಕ್ಕೂ ಹೆಚ್ಚು ರೆಡ್ ನಾಟ್‌ಗಳನ್ನು ವಿಮಾನದಿಂದ ಎಣಿಸಿದ್ದರು. ಪಶ್ಚಿಮ ಗೋಳಾರ್ಧದ ತೀರದ ಹಕ್ಕಿಗಳ ಆಸರೆತಾಣಗಳ ಜಾಲದಲ್ಲಿ ಮೊದಲ ಹೆಸರು 1986ರಲ್ಲಿ ಈ ಕೊಲ್ಲಿಗೇ ಸಿಕ್ಕಿತು. ಮುಂದಿನ ದಶಕದಲ್ಲಿ ಹಾವುಮೀನು, ಶಂಖದ ಹುಳ ಹಿಡಿಯುವವರು ಬೋನಿಗೆ ಇಡುವ ಆಹಾರಕ್ಕೆಂದು ಏಡಿಗಳನ್ನು ಲಾರಿಗಟ್ಟಲೆ ಒಯ್ದರು. ಔಷಧಿಗಳಲ್ಲಿ ರೋಗಾಣುವಿನ ವಿಷ ಇದೆಯೇ ಎಂದು ಪರೀಕ್ಷಿಸಲು ಅವುಗಳ ನೀಲಿ ರಕ್ತವೂ ಬೇಕಿತ್ತು. ಹೆಣ್ಣು ಏಡಿ ಮೊಟ್ಟೆಗೆ ಬರಲು ಹತ್ತು ವರ್ಷ ಬೇಕು. ಒಮ್ಮೆ ಬರಿದಾದರೆ ಬೇಗ ತುಂಬದು. 2000ದ ದಶಕದಲ್ಲಿ ಹಕ್ಕಿಗಳ ಎಣಿಕೆ 15,000ದ ಆಸುಪಾಸಿಗೆ ಬಂತು. ನ್ಯೂಜೆರ್ಸಿ 2008ರಲ್ಲಿ ಏಡಿ ಹಿಡಿಯುವುದನ್ನೇ ನಿಲ್ಲಿಸಿತು. 2014ರ ಕೊನೆಯಲ್ಲಿ ಒಕ್ಕೂಟ ಸರ್ಕಾರ ಈ ಹಕ್ಕಿಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಹಾಗಿದ್ದೂ 2021ರಲ್ಲಿ ಕಂಡದ್ದು 7,000ಕ್ಕೂ ಕಡಿಮೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೆ ಎಣಿಕೆ ಇಲ್ಲದಿದ್ದರೆ ಈ ಇಳಿತ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ದಂಡೆಗೆ ಬಂದು ನೋಡಿದ ಜನ ಇಲ್ಲದಿದ್ದರೆ ಆ ಎಣಿಕೆಯನ್ನು ಹಿಡಿದು ಕೇಳುವವರೂ ಇರುತ್ತಿರಲಿಲ್ಲ.

ಮೇ 7ರಿಂದ ಜೂನ್ 7ರ ತನಕ ಕೊಲ್ಲಿಯ ಹಲವು ದಂಡೆಗಳಿಗೆ ಹಗ್ಗ ಕಟ್ಟಿ ಜನರನ್ನು ಬಿಡುವುದಿಲ್ಲ. ನಾವು ನಿಂತದ್ದು ಹಗ್ಗದ ಈಚೆ, ಸ್ವಯಂಸೇವಕರೊಬ್ಬರ ಸ್ಕೋಪಿನ ಹಿಂದೆ. ಕಾಲ ಬಳಿಯೇ ಅಲೆ ಮಗುಚಿ ಹಾಕಿದ ಏಡಿಯೊಂದು ಕಾಲಾಡಿಸುತ್ತಿತ್ತು. ಬಾಲ ಹಿಡಿದು ಎತ್ತಬಾರದು, ಚಿಪ್ಪಿನ ಅಂಚು ಹಿಡಿದು ತಿರುಗಿಸಿ ಎಂದು ಅವರು ಕೈಸನ್ನೆಯಲ್ಲೇ ತೋರಿಸಿದರು. ಆಯಿ ಸೆರಗು ಸಿಕ್ಕಿಸಿ ಬಗ್ಗಿ, ಬಳಚು ಹೆಕ್ಕುವ ಕೈಯಲ್ಲಿ ಅದನ್ನು ನೆಟ್ಟಗೆ ಮಾಡಿದಳು. ಅದು ಉಸುಕಿನಲ್ಲಿ ಗೆರೆ ಎಳೆಯುತ್ತ ನೀರಿಗೆ ಇಳಿಯಿತು.

ಸ್ಕೋಪಿನಲ್ಲಿ ಎದೆ ಕೆಂಪಗಿನ ರೆಡ್ ನಾಟ್‌ಗಳು ತಲೆಯೆತ್ತದೆ ಕುಕ್ಕುತ್ತಿದ್ದವು. ಆಯಿ ಅವುಗಳನ್ನು ನೋಡಿ ಸುಮ್ಮನಿದ್ದಳು. ಪಕ್ಕದಲ್ಲಿ ಬೇರೊಂದು ಹಕ್ಕಿ: ಗಿಡ್ಡ ಕಿತ್ತಳೆ ಕಾಲು, ಕಪ್ಪು ಬಿಳಿ ಮುಖ, ಇಟ್ಟಿಗೆ ಬಣ್ಣದ ಬೆನ್ನು. ಕೊಕ್ಕಿನಿಂದ ಚಿಪ್ಪನ್ನು ಮೀಟಿ ಮಗುಚಿ ಅಡಿಯಲ್ಲಿ ಏನಿದೆ ಎಂದು ನೋಡುತ್ತಿತ್ತು. ರಡಿ ಟರ್ನ್‌ಸ್ಟೋನ್.

‘ತಮಾ, ಇದು ನಮ್ಮ ಅಳಿವೆಗೂ ಬರ್ತದಲ. ಬಣ್ಣ ಇಷ್ಟಿಲ್ಲ, ಮಣ್ಣು ಮಣ್ಣು. ಕಲ್ಲು ಮಗುಚೂದು ಮಾತ್ರ ಹೀಂಗೇ,’ ಎಂದಳು.

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಸ್ಕೋಪಿನವರು ಕಣ್ಣರಳಿಸಿದರು. ಹೌದು, ಅದೇ ಜಾತಿ. ಇಲ್ಲಿ ಹಾಯುವವು ಅಮೆರಿಕದ ದಾರಿಯವು, ಭಾರತದ ತೀರಕ್ಕೆ ಬರುವವು ಏಷ್ಯಾದ ಉತ್ತರದಲ್ಲಿ ಮರಿಮಾಡುವಂಥವು. ಚಳಿಗಾಲದಲ್ಲಿ ಅವುಗಳ ಮೈಬಣ್ಣ ಮಾಸಿರುತ್ತದೆ. ಆಯಿ ಚಿಕ್ಕಂದಿನಿಂದ ಅದನ್ನು ಮಾಸಿದ ಬಣ್ಣದಲ್ಲಷ್ಟೇ ಕಂಡವಳು. ಮದುವೆಯ ಬಟ್ಟೆಯಲ್ಲಿ ಅದನ್ನು ನೋಡಲು ಅವಳು ನ್ಯೂಜೆರ್ಸಿಗೆ ಬರಬೇಕಾಯಿತು. ಹಿಂದಿರುಗುವಾಗ ಕೊಲ್ಲಿಯ ಬದಿಯ ಕಂಬದ ಮೇಲಿನ ಗೂಡಿನಲ್ಲಿ ಮೀನುಡೇಗೆ ಕುಳಿತಿತ್ತು. ಆ 50 ಗೂಡುಗಳು ಈಗ 500 ದಾಟಿವೆ ಎಂದೆ. ಇದೂ ಗೊತ್ತು, ಇದು ಚಳಿಗಾಲಕ್ಕೆ ಹೊಳೆಯ ಮೇಲೆ ಮೀನು ಹಿಡಿಯಲು ಬರ್ತದೆ ಎಂದಳು. ಅಂದಿನ ಪಟ್ಟಿ ಓದುವಾಗ ಎರಡಕ್ಕೂ ಎಲ್ಲರಿಗಿಂತ ಜೋರಾಗಿ ಹೂಂಗುಟ್ಟಿದಳು.

ಎರವಲು ಪಡೆದಿದ್ದ ದುರ್ಬೀನನ್ನು ಪೆಟ್ಟಿಗೆಗೆ ಹಿಂದಿರುಗಿಸುವ ಮೊದಲು ಸೆರಗಿನ ತುದಿಯಿಂದ ಅದರ ಗಾಜು ಒರೆಸಲು ಹೋದಳು. ಮುಂದಾಳು ಮೆಲ್ಲನೆ ಕೈ ತಡೆದು, ಉಪ್ಪಿನ ಹುಡಿ ಗೀರುಬೀಳಿಸುತ್ತದೆ, ಮೊದಲು ಊದಬೇಕು ಎಂದು ಊದಿ ತೋರಿಸಿದರು. ಅವಳು ಊರಿಗೆ ಹೊರಟಾಗ ನಾನು ಒಂದು ದುರ್ಬೀನು ಕೊಂಡು ಅವಳ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಟ್ಟೆ.

ಡಿಸೆಂಬರಿನಲ್ಲಿ ಒಂದು ರಾತ್ರಿ ಫೋನ್ ಬಂತು. ಅಲ್ಲಿ ಬೆಳಗು. ಪಕ್ಕದ ಮನೆಯ ಮಕ್ಕಳನ್ನು ಕಟ್ಟಿಕೊಂಡು ಇಳಿತದ ಹೊತ್ತಿಗೆ ಅಳಿವೆಯ ಕಡೆ ಹೋಗಿದ್ದಳಂತೆ. ಕಲ್ಲು ಮಗುಚುವ ಹಕ್ಕಿ ಬಂದಿವೆ ಎಂದಳು. ಎಷ್ಟು ಎಂದು ಕೇಳಿದೆ.

‘ಹನ್ನೊಂದು ಇದ್ದಾಂಗಿತ್ತು. ಒಂದು ಬಂಡೆ ಮರೆಗಿತ್ತು, ಗಟ್ಟಿ ಕಾಣ್ಲಿಲ್ಲ. ಹತ್ತೇ ಬರ್ಕೊ.’